ಕಷ್ಟದ ದಿನಗಳಲ್ಲಿ ಏನು ಓದಬೇಕು, ಹೇಗೆ ಓದಬೇಕು

ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಎಡಗೈಗೆ ಎರಡು ಸೂಜಿ ಚುಚ್ಚಿರುತ್ತಾರೆ, ಆ ಕೈ ಅಲ್ಲಾಡಿಸುವ ಹಾಗಿಲ್ಲ. ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಹಾಳೆ ತಿರುವಲು ಆಗುವುದಿಲ್ಲ. ಅದಕ್ಕೇ ನಾನು ಓದುತ್ತೇನೆ, ಅವರು ಕೇಳುತ್ತಾರೆ.

ಗ್ರಂಥಾಲಯಕ್ಕೆ ಬರುವವರೂ ಕೇಳುತ್ತಿರುತ್ತಾರೆ: "ಮನಸ್ಸಿಗೆ ಸ್ವಲ್ಪ ಸಮಾಧಾನ ಆಗೋ ಅಂಥದ್ದು ಏನಾದ್ರೂ ಕೊಡಿ ಮೇಡಂ." ತೋಟ ಒಣಗಿದವರು, ಗಂಡನನ್ನು ಕಳೆದುಕೊಂಡವರು, ಕೆಲಸದ ಪರೀಕ್ಷೆ ಬರೆದೂ ಬರೆದೂ ಸೋತ ಹುಡುಗರು. ಆಸ್ಪತ್ರೆಯ ಸ್ಟೂಲಿನ ಮೇಲೂ ಗ್ರಂಥಾಲಯದ ಮೇಜಿನ ಹಿಂದೆಯೂ ಕೂತು ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೂ ಈಗ ಕಷ್ಟ ಇದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ, ಇದರಲ್ಲಿ ಬೇಕಾದ್ದು ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಧೈರ್ಯ ತುಂಬುತ್ತೇನೆ ಅಂತ ರಕ್ಷಾಪುಟದ ಮೇಲೇ ಬರೆದುಕೊಂಡಿರುವ ಪುಸ್ತಕಗಳನ್ನು ಸದ್ಯಕ್ಕೆ ಕಪಾಟಿನಲ್ಲೇ ಬಿಡಿ. ಗೆಲ್ಲುವುದು ಹೇಗೆ, ಚಿಂತೆ ಬಿಡುವುದು ಹೇಗೆ ಅಂತ ಹೇಳುವ ಪುಸ್ತಕಗಳು ಚೆನ್ನಾಗಿರುವ ದಿನಗಳಲ್ಲಿ ಚೆನ್ನಾಗಿರುತ್ತವೆ. ಕಿಡ್ನಿ ಸೋಲುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿದ ರಿಪೋರ್ಟು ಕೈಯಲ್ಲಿ ಹಿಡಿದವರಿಗೆ "ಒಳ್ಳೆಯದನ್ನೇ ಯೋಚಿಸಿ" ಅಂದರೆ, ತಪ್ಪೆಲ್ಲ ತಮ್ಮ ಯೋಚನೆಯದ್ದೇ ಅನ್ನಿಸಿಬಿಡುತ್ತದೆ. ಕಷ್ಟ ಬಂದರೂ ಬೆಳಗ್ಗೆ ಎದ್ದು ಒಲೆ ಹಚ್ಚುವ ಜನ ಇರುವ ಪುಸ್ತಕ ಹುಡುಕಿ. ಅವರು ನಿಮಗೆ ಏನೂ ಹೇಳಿಕೊಡುವುದಿಲ್ಲ. ಅವರ ಪಾಡಿಗೆ ಅವರು ಸಗಣಿ ಬಾಚುತ್ತಾರೆ, ಗದ್ದೆಗೆ ಹೋಗುತ್ತಾರೆ, ಜಗಳ ಆಡುತ್ತಾರೆ. ಅವರನ್ನು ನೋಡುತ್ತಾ ನೋಡುತ್ತಾ ನಾಳೆ ನಾವೂ ಏಳಬಹುದು ಅನ್ನಿಸುತ್ತದೆ. ನನಗೆ ಗೊತ್ತಿರುವ ದಾರಿ ಇದೇ.

ತಲೆಗೆ ಏನೂ ಹೋಗದಿದ್ದಾಗ

ಮೊದಲ ದಿನಗಳಲ್ಲಿ ಓದಲು ಆಗುವುದಿಲ್ಲ. ಒಂದೇ ಸಾಲಿನ ಮೇಲೆ ಕಣ್ಣು ಮೂರು ಸಲ ಓಡಾಡಿದರೂ ಏನು ಓದಿದೆ ಅಂತ ನೆನಪಿರಲ್ಲ. ದೊಡ್ಡ ಓದುಗರಿಗೂ ಹೀಗೇ ಆಗುತ್ತದೆ. ಆಗ ಕಾದಂಬರಿ ಹಿಡಿಯಬೇಡಿ. ನಾಲ್ಕೈದು ಸಾಲಿಗೆ ಮುಗಿಯುವಂಥದ್ದು ಸಾಕು. ಕನ್ನಡದಲ್ಲಿ ಅದಕ್ಕೇನೂ ಬರವಿಲ್ಲ. ವಚನ ಇದೆ, ದಾಸರ ಪದ ಇದೆ, ಜನಪದ ತ್ರಿಪದಿ ಇದೆ.

ಕನಕದಾಸರ "ತಲ್ಲಣಿಸದಿರು ಕಂಡ್ಯ ತಾಳು ಮನವೇ" ಕೇಳದವರು ಕಡಿಮೆ. ಕೇಳಿ ಕೇಳಿ ಅಭ್ಯಾಸವಾಗಿ ನಾವು ಅದರ ಒಳಗೆ ಹೋಗುವುದೇ ಇಲ್ಲ. ಒಂದು ಸಲ ರಾಗ ಬಿಟ್ಟು, ಸುಮ್ನೆ ಮಾತಿನ ಹಾಗೆ ಓದಿ ನೋಡಿ. ಪಲ್ಲವಿಯಲ್ಲಿ ಅವರು ಮಾತಾಡುತ್ತಿರುವುದು ತಮ್ಮ ಮನಸ್ಸಿನ ಜೊತೆಗೇ. ಅಂದರೆ ಅವರ ಮನಸ್ಸೂ ತಲ್ಲಣಿಸುತ್ತಿತ್ತು ಅಂತ ಆಯಿತಲ್ವಾ. ಮುಂದೆ ಪ್ರಶ್ನೆಗಳು ಬರುತ್ತವೆ. ಬೆಟ್ಟದ ತುದಿಯಲ್ಲಿ ಹುಟ್ಟಿದ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರೋ? ಕಲ್ಲಿನೊಳಗೆ ಹುಟ್ಟಿ ಕೂಗುವ ಕಪ್ಪೆಗೆ ಊಟ ಕೊಟ್ಟವರು ಯಾರೋ? ಎಲ್ಲರನ್ನೂ ಸಲಹುವನು, ಇದಕ್ಕೆ ಸಂಶಯ ಬೇಡ ಅನ್ನುತ್ತದೆ ಪಲ್ಲವಿ. ಆದರೆ ನನಗೆ ಹಿಡಿಸುವುದು ಆ ಮರ, ಆ ಕಪ್ಪೆ. ದೇವರ ಮೇಲೆ ನಂಬಿಕೆ ಇದ್ದವರು ಅವನನ್ನೇ ನೆನೆಯಲಿ. ಇಲ್ಲದವರಿಗೂ ಬೆಟ್ಟದ ಮೇಲಿನ ಆ ಒಂಟಿ ಮರ ಕಣ್ಣಿಗೆ ಕಟ್ಟುತ್ತದೆ. ಯಾರೂ ನೀರು ಹಾಕಲಿಲ್ಲ, ಆದರೂ ನಿಂತಿದೆ.

ಇಂಥದ್ದನ್ನು ಓದುವ ರೀತಿ ಹೀಗೆ. ದಿನಕ್ಕೆ ಒಂದೇ ಒಂದು. ಬೆಳಗ್ಗೆ ಕಾಫಿಗೆ ಮುಂಚೆಯೋ ರಾತ್ರಿ ದೀಪ ಆರಿಸುವ ಮುಂಚೆಯೋ, ನಿಮಗೆ ಯಾವುದು ಸರಿಯೋ ಆ ಹೊತ್ತು. ಮೂರು ಸಲ ಬಾಯಿಬಿಟ್ಟು ಓದಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳಿ. ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಾದರೂ ಸಾಕು. ಬರೆಯುವಾಗ ಕೈ ನಿಧಾನ, ಹಾಗಾಗಿ ತಲೆಯೂ ನಿಧಾನವಾಗುತ್ತದೆ. ಅರ್ಥ ಹುಡುಕುತ್ತಾ ಕೂರಬೇಡಿ, ವ್ಯಾಖ್ಯಾನದ ಪುಸ್ತಕ ತೆಗೆಯಬೇಡಿ. ಇವತ್ತು ಅರ್ಥವಾಗದ ಸಾಲು ಎಂದೋ ಬಸ್ಸಿನಲ್ಲಿ ಹೋಗುವಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅಕ್ಕಮಹಾದೇವಿಯ ವಚನವೊಂದು ನನ್ನ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿದೆ. "ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ" ಅಂತ ಶುರುವಾಗುತ್ತದೆ. ಮುಂದೆ, ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಅಂತ ಕೇಳುತ್ತಾಳೆ. ಡಯಾಲಿಸಿಸ್ ವಾರ್ಡು ಸಂತೆಯೇ. ಒಂದಲ್ಲ ಒಂದು ಮಷಿನ್ನು ಕೂಗುತ್ತಲೇ ಇರುತ್ತದೆ. ಒಂದು ಹಾಸಿಗೆಯಲ್ಲಿ ಚಳಿ ಅಂತ ಕಂಬಳಿ ಕೇಳುತ್ತಿರುತ್ತಾರೆ, ಇನ್ನೊಂದರಲ್ಲಿ ಕಾಲು ಸೆಟೆದುಕೊಂಡಿತು ಅಂತ ನರಳುತ್ತಿರುತ್ತಾರೆ. ಹನ್ನೆರಡನೇ ಶತಮಾನದ ಹೆಣ್ಣುಮಗಳು ಈ ವಾರ್ಡಿಗೇ ಬಂದು ಹೇಳಿದ ಹಾಗಿದೆ ಅನ್ನಿಸಿತು ನನಗೆ. ಕೊನೆಗೆ ಅವಳು ಹೇಳುವುದು ಸ್ತುತಿ ನಿಂದೆ ಬಂದಾಗ ಕೋಪ ಮಾಡಿಕೊಳ್ಳದೆ ಸಮಾಧಾನಿಯಾಗಿರಬೇಕು ಅಂತ. ಸ್ತುತಿಯ ಮಾತು ಬಿಡಿ, ರೋಗ ಬಂದ ಮನೆಗೆ ನಿಂದೆ ಬೇಕಾದಷ್ಟು ಬರುತ್ತದೆ. "ಮೊದಲೇ ತೋರಿಸಬಾರದಿತ್ತಾ" ಅನ್ನುವವರು ಒಬ್ಬರೇ ಇಬ್ಬರೇ?

ಹೆಂಗಸರು ಕೇಳಿದರೆ ನಾನು ತ್ರಿಪದಿ ಕೊಡುತ್ತೇನೆ. ವಿಜಯಪುರದ ಕಡೆಯ 'ಹಲಸಂಗಿ ಗೆಳೆಯರು' ಅನ್ನುವ ಬಳಗದವರು ಹಳ್ಳಿ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ತಂದ 'ಗರತಿಯ ಹಾಡು' ನಮ್ಮ ಗ್ರಂಥಾಲಯದಲ್ಲಿ ಇದೆ. ಬೀಸುವ ಕಲ್ಲಿನ ಮುಂದೆ, ನಸುಕಿನಲ್ಲಿ, ಒಬ್ಬೊಬ್ಬರೇ ಕೂತು ಹಾಡಿದ ಪದಗಳು ಅವು. ಅತ್ತೆಯ ಕಾಟ, ತವರಿನ ಹಂಬಲ, ಮಗು ಇಲ್ಲದ ಸಂಕಟ ಎಲ್ಲ ಮೂರು ಮೂರು ಸಾಲಿನಲ್ಲಿ ಇದೆ. ಯಾರ ಹತ್ತಿರವೂ ಹೇಳಲಾಗದ್ದನ್ನು ಅವರು ಕಲ್ಲಿನ ಹತ್ತಿರ ಹೇಳಿದರು. ನಮ್ಮೂರಿನ ಅಜ್ಜಿಯೊಬ್ಬರಿಗೆ ಓದಲು ಬರುವುದಿಲ್ಲ. ನಾನು ಎರಡು ಪದ ಓದಿದರೆ ಅವರು ಮೂರನೆಯದನ್ನು ತಾವೇ ಹೇಳುತ್ತಾರೆ, ಅದು ಪುಸ್ತಕದಲ್ಲಿ ಇರುವುದೇ ಇಲ್ಲ.

'ಮಂಕುತಿಮ್ಮನ ಕಗ್ಗ'ದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಕಷ್ಟ ಅಂದ ತಕ್ಷಣ ಎಲ್ಲರೂ ಅದನ್ನೇ ಕೊಡುತ್ತಾರೆ. 945 ಪದ್ಯಗಳಿವೆ. ಒಂದೇ ಸಮನೆ ಓದಿದರೆ ಯಾರೋ ಎದುರಿಗೆ ನಿಂತು ಬುದ್ಧಿ ಹೇಳುತ್ತಿದ್ದಾರೆ ಅನ್ನಿಸಬಹುದು. ಅದನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ, ಎಲ್ಲೋ ಒಂದು ಕಡೆ ತೆಗೆಯಿರಿ, ಒಂದು ಪದ್ಯ ಓದಿ ಮುಚ್ಚಿ. ನಿಮಗೆ ಒಪ್ಪಿಗೆಯಾಗದಿದ್ದರೆ ವಾದ ಮಾಡಿ. ಡಿ.ವಿ.ಜಿ. ಅವರೂ ಅದರಲ್ಲಿ ಉದ್ದಕ್ಕೂ ವಿಧಿಯ ಜೊತೆ, ದೇವರ ಜೊತೆ ವಾದ ಮಾಡುತ್ತಲೇ ಇದ್ದಾರೆ.

ಬಾಯಿಬಿಟ್ಟು ಓದುವುದು

ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ.

ನಮ್ಮ ಯಜಮಾನರು ಮದುವೆಯಾದಾಗಿನಿಂದ ಪೇಪರ್ ಬಿಟ್ಟರೆ ಏನೂ ಓದಿದವರಲ್ಲ. ಪೇಪರಿನಲ್ಲೂ ಕೊಬ್ಬರಿ ರೇಟು ಮೊದಲು. ಕತೆ ಓದುತ್ತೇನೆ ಅಂದರೆ "ಅದೆಲ್ಲ ನಿಮ್ಮಂಥವರಿಗೆ" ಅನ್ನುತ್ತಿದ್ದರು. ವಾರ್ಡಿನಲ್ಲಿ ಮೊದಮೊದಲು ಫೋನ್ ನೋಡುತ್ತಾ ಮಲಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೂ ಬೇಜಾರು. ಮೇಲೆ ಫ್ಯಾನು ನೋಡುವುದು, ಗಡಿಯಾರ ನೋಡುವುದು. ಆಗ ನಾನು ತೆಗೆದಿದ್ದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಕಾದಂಬರಿ, ಚಿಕ್ಕದು. ಸುಬ್ರಹ್ಮಣ್ಯದ ಹತ್ತಿರದ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬರನ್ನು ದೇರಣ್ಣ, ಬಟ್ಯ ಅನ್ನುವವರು ಕೆಳಬೈಲಿನ ಗೋಪಾಲಯ್ಯನ ಮನೆಗೆ ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಇರುವುದು ವಯಸ್ಸಾದ ಗಂಡ ಹೆಂಡತಿ. ಮಗ ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯ ಕಾಡು ಕಡಿದು ಅಡಿಕೆ ತೋಟ ಮಾಡಿದವರು. ಆನೆ ಬರುತ್ತದೆ, ಹುಲಿ ಬರುತ್ತದೆ, ತೋಟ ಮಾಡುವುದು ನಿಲ್ಲುವುದಿಲ್ಲ. ಬಂದ ಅತಿಥಿಯನ್ನು ಬಿಟ್ಟುಕೊಡಲು ಆ ದಂಪತಿಗೆ ಮನಸ್ಸೇ ಇಲ್ಲ.

ಓದಲು ಶುರು ಮಾಡಿ ಸ್ವಲ್ಪ ಹೊತ್ತು ನಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತು ಅಂದುಕೊಂಡು ನಿಲ್ಲಿಸಿದೆ. "ಯಾಕೆ ನಿಲ್ಲಿಸಿದೆ? ತೋಟಕ್ಕೆ ನೀರು ಎಲ್ಲಿಂದ ತರ್ತಾರೆ ಆ ಮನುಷ್ಯ?" ಅಂದರು. ಮುಂದೆ ಆನೆ ಬಂದ ಕಡೆ ತಡೆದು, "ತೆಂಗಾಗಿದ್ರೆ ಒಂದು ಸಸಿನೂ ಉಳೀತಿರ್ಲಿಲ್ಲ ಕಣೆ" ಅಂದರು. ಪಕ್ಕದ ಹಾಸಿಗೆಯಲ್ಲಿದ್ದ ಅರಸೀಕೆರೆ ಕಡೆಯವರು "ಅಡಿಕೆನೂ ಉಳಿಯಲ್ಲ ಸಾರ್" ಅಂದರು. ಇಬ್ಬರಿಗೂ ಅಲ್ಲೇ ವಾದ ಹತ್ತಿಕೊಂಡಿತು. ಎಳನೀರು ಕುಡಿಯಬೇಡಿ, ಪೊಟ್ಯಾಸಿಯಂ ಜಾಸ್ತಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ ದಿನದಿಂದ ಇವರು ತೆಂಗಿನ ಮಾತೇ ಎತ್ತಿರಲಿಲ್ಲ. ಅವತ್ತು ಗೋಪಾಲಯ್ಯನ ತೋಟದ ನೆಪದಲ್ಲಿ ನಮ್ಮ ತೋಟದ ಮಾತೂ ಬಂತು. ನುಸಿ ಬಿದ್ದ ವರ್ಷ, ಬೋರ್ ಕೊರೆಸಿದ ವರ್ಷ, ಎಲ್ಲ. ಸೂಜಿ ತೆಗೆಯುವಾಗ ನರ್ಸು "ಇವತ್ತು ಟೈಮ್ ಆಗಿದ್ದೇ ಗೊತ್ತಾಗ್ಲಿಲ್ಲ ಅಲ್ವಾ" ಅಂದರು.

ಮಗನಿಗಾಗಿ ಕಾಯುವ ಆ ಮುದುಕರ ದುಃಖಕ್ಕೆ ಕಾದಂಬರಿಯಲ್ಲಿ ಸುಲಭದ ಪರಿಹಾರ ಇಲ್ಲ. ದುಃಖ ಮನೆಯೊಳಗೇ ಇದೆ, ಜೊತೆಗೇ ತೋಟದ ಕೆಲಸವೂ ನಡೆಯುತ್ತದೆ. ನಮ್ಮವರಿಗೆ ಮುಟ್ಟಿದ್ದು ಅದೇ.

ಈಗ ವಿಧಾನಕ್ಕೆ ಬರೋಣ. ಒಂದು ಸಲಕ್ಕೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಓದಿ. ರೋಗಿಗೂ ಸುಸ್ತು, ಓದುವವರಿಗೂ ಗಂಟಲು ಒಣಗುತ್ತದೆ. ಕಿಡ್ನಿ ತೊಂದರೆ ಇರುವವರ ಮುಂದೆ ಗಟಗಟ ನೀರು ಕುಡಿಯಬೇಡಿ, ಅವರಿಗೆ ನೀರು ಅಳತೆಯಲ್ಲಿ ಕೊಡುವುದು. ಸ್ವಲ್ಪ ಆಚೆ ಹೋಗಿ ಕುಡಿದು ಬನ್ನಿ. ನಾಟಕದ ಹಾಗೆ ದನಿ ಬದಲಾಯಿಸುವುದು ಬೇಡ. ಮನೆಯಲ್ಲಿ ಮಾತಾಡುವಷ್ಟೇ ದನಿ, ಸ್ವಲ್ಪ ನಿಧಾನ. ಅಧ್ಯಾಯ ಮುಗಿಯುವ ತನಕ ಕಾಯಬೇಡಿ, ಏನೋ ಆಗಲಿದೆ ಅನ್ನುವ ಕಡೆ ನಿಲ್ಲಿಸಿ. ಮುಂದಿನ ಸಲಕ್ಕೆ ಕಾಯಲು ಒಂದು ಕಾರಣ ಸಿಗುತ್ತದೆ. ನಾಡಿದ್ದು ಏನಾಗುತ್ತೋ ಅಂತ ಹೆದರುವ ಮನೆಯಲ್ಲಿ, ನಾಡಿದ್ದು ಗೋಪಾಲಯ್ಯ ಏನು ಮಾಡುತ್ತಾರೋ ಅಂತ ಕಾಯುವುದು ಸಣ್ಣ ಸಂಗತಿಯಲ್ಲ.

ನಡುವೆ ಮಾತು ಬಂದರೆ ಬರಲಿ, ತಡೆಯಬೇಡಿ. ಪುಸ್ತಕ ತೆರೆದದ್ದೇ ಆ ಮಾತಿಗಾಗಿ. ಕೇಳುವವರು ನಿದ್ದೆ ಹೋದರೆ ಇನ್ನೂ ಒಂದೆರಡು ನಿಮಿಷ ಮೆಲ್ಲಗೆ ಓದುತ್ತಲೇ ಇದ್ದು ಆಮೇಲೆ ನಿಲ್ಲಿಸಿ. ತಟ್ಟನೆ ನಿಂತರೆ ಎಚ್ಚರವಾಗುತ್ತದೆ. ಎಲ್ಲಿಗೆ ನಿಂತಿತು ಅಂತ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ. ಗ್ರಂಥಾಲಯದ ಪುಸ್ತಕವಾದರೆ ಪೆನ್ನು ಬೇಡ, ಹಾಳೆ ಮಡಚುವುದೂ ಬೇಡ.

ಒಬ್ಬರು ಓದಿ ಹತ್ತು ಜನ ಕೇಳುವುದು ನಮ್ಮಲ್ಲಿ ಹೊಸದೇನಲ್ಲ. ಗದುಗಿನ ನಾರಣಪ್ಪನ ಭಾರತ ಊರೂರಿಗೆ ಹರಡಿದ್ದು ಹಾಗೇ. ಗಮಕದಲ್ಲಿ ಒಬ್ಬರು ಷಟ್ಪದಿ ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಓದಲು ಬಾರದ ರೈತರು ಕೂಡ ಕರ್ಣನಿಗಾಗಿ ಕಣ್ಣೀರು ಹಾಕಿದ್ದಾರೆ. ಮನೆಯಲ್ಲಿ ಓದುವವರು ಯಾರೂ ಇಲ್ಲದಿದ್ದರೆ ಫೋನಿನಲ್ಲಿ ಗಮಕ ಹಾಕಿಕೊಂಡು ಕೇಳಿ. ಒಂಟಿಯಾಗಿದ್ದರೂ ನಿಮಗೆ ನೀವೇ ಬಾಯಿಬಿಟ್ಟು ಓದಿಕೊಳ್ಳಿ. ಇಡೀ ದಿನ ಯಾರ ಹತ್ತಿರವೂ ಮಾತಾಡದವರಿಗೆ ತಮ್ಮ ದನಿ ತಮ್ಮ ಕಿವಿಗೆ ಬೀಳುವುದೂ ಒಳ್ಳೆಯದೇ.

ಯಾವ ಕಷ್ಟಕ್ಕೆ ಯಾವುದು

ಇದಕ್ಕೆ ಗಟ್ಟಿ ನಿಯಮ ಇಲ್ಲ, ಆದರೂ ಗ್ರಂಥಾಲಯದಲ್ಲಿ ನಾನು ಕೊಡುವ ರೀತಿ ಹೇಳುತ್ತೇನೆ.

ಮನೆ ಸಾಲಕ್ಕೆ ಸಿಕ್ಕಿದೆ, ಗಂಡ ಜವಾಬ್ದಾರಿ ಬಿಟ್ಟಿದ್ದಾನೆ, ಎಲ್ಲ ತನ್ನ ಮೇಲೇ ಬಿದ್ದಿದೆ ಅನ್ನುವ ಹೆಂಗಸರಿಗೆ ಕಾರಂತರದ್ದೇ 'ಮರಳಿ ಮಣ್ಣಿಗೆ'. ಇದು ದೊಡ್ಡದು, ಮೂರು ತಲೆಮಾರಿನ ಕತೆ. ಕಡಲ ತೀರದ ಊರು. ಪಾರೋತಿ, ಸರಸೋತಿ ಅನ್ನುವ ಇಬ್ಬರು ಹೆಂಗಸರು ಮಳೆಗಾಲದಲ್ಲಿ ನೀರಿನಲ್ಲಿ ತೇಲಿಬರುವ ಕಟ್ಟಿಗೆಯನ್ನೂ ಬಿಡದೆ ಎಳೆದು ತರುತ್ತಾರೆ. ಆಮೇಲೆ ನಾಗವೇಣಿ ಬರುತ್ತಾಳೆ. ಗಂಡ ಲಚ್ಚ ಇದ್ದಬದ್ದದ್ದೆಲ್ಲ ಹಾಳು ಮಾಡುತ್ತಾನೆ, ಅವಳು ಮಗ ರಾಮನನ್ನು ಬೆಳೆಸುತ್ತಾಳೆ, ಪಿಟೀಲು ಬಾರಿಸುತ್ತಾಳೆ. "ಓದಕ್ಕೆ ಪುರುಸೊತ್ತಿಲ್ಲ" ಅನ್ನುವವರಿಗೂ ಕೊಟ್ಟಿದ್ದೇನೆ. ದಿನಕ್ಕೆ ನಾಲ್ಕು ಪುಟ ಓದಿ ಸಾಕು, ವಾಪಸು ಕೊಡುವ ತಾರೀಖು ಮತ್ತೆ ಮತ್ತೆ ಮುಂದೆ ಹಾಕಿಕೊಡುತ್ತೇನೆ ಅನ್ನುತ್ತೇನೆ. ನಿಮ್ಮೂರಿನ ಗ್ರಂಥಾಲಯದಲ್ಲೂ ಕೇಳಿ ನೋಡಿ.

ಹಸಿವು, ಅವಮಾನ ಗೊತ್ತಿರುವವರಿಗೆ ದೇವನೂರ ಮಹಾದೇವರ 'ಒಡಲಾಳ'. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ರಾತ್ರಿ ಇಡೀ ಸಂಸಾರ ಬೆಂಕಿಯ ಸುತ್ತ ಕೂತು ಕಡಲೆಕಾಯಿ ತಿನ್ನುವ ಭಾಗ ಇದೆಯಲ್ಲ, ಅದನ್ನು ಜೋರಾಗಿ ಓದಿ. ಬಡತನದ ಕತೆ ಅಂತ ಗೋಳು ನಿರೀಕ್ಷಿಸಿದವರಿಗೆ ಅಲ್ಲಿ ಸಿಗುವುದು ಮನೆ ತುಂಬ ಖುಷಿ. ಹೊಟ್ಟೆ ತುಂಬಿದ ಒಂದು ರಾತ್ರಿ ಎಷ್ಟು ದೊಡ್ಡದು ಅಂತ ಗೊತ್ತಿದ್ದವರು ಮಾತ್ರ ಹಾಗೆ ಬರೆಯಬಲ್ಲರು.

ಪರೀಕ್ಷೆ, ಕೆಲಸ ಅಂತ ಸೋತು ಬಂದ ಹುಡುಗರಿಗೆ ತೇಜಸ್ವಿ. 'ಕರ್ವಾಲೊ' 1980ರಲ್ಲಿ ಬಂದಿದ್ದು, ಈಗಲೂ ಹುಡುಗರು ಒಂದೇ ಗುಕ್ಕಿಗೆ ಮುಗಿಸಿ ವಾಪಸು ತರುತ್ತಾರೆ. ಮಂದಣ್ಣ ಊರಿನವರ ಕಣ್ಣಿಗೆ ಬರೀ ಪೋಲಿ. ಆದರೆ ಕಾಡಿನಲ್ಲಿ ಅವನ ಕಣ್ಣಿಗೆ ಬೀಳುವುದು ಬೇರೆ ಯಾರಿಗೂ ಬೀಳುವುದಿಲ್ಲ, ಅದು ಗೊತ್ತಾಗುವುದು ವಿಜ್ಞಾನಿ ಕರ್ವಾಲೋ ಒಬ್ಬರಿಗೇ. "ನೀನು ಯೂಸ್‌ಲೆಸ್ ಅಲ್ಲ ಕಣೋ" ಅಂತ ನಾನು ಎಷ್ಟು ಸಲ ಹೇಳಿದರೂ ಕೇಳದ ಹುಡುಗ ಮಂದಣ್ಣನನ್ನು ನೋಡಿ ನಕ್ಕು ಹಗುರಾದದ್ದನ್ನು ಕಂಡಿದ್ದೇನೆ. ನಗುವುದಕ್ಕೇ ಅಂತ ಬೇಕಿದ್ದರೆ 'ಪರಿಸರದ ಕತೆ'. ಕಷ್ಟದಲ್ಲಿರುವಾಗ ನಕ್ಕರೆ ಜನ ಏನಂದಾರು ಅಂತ ಕೆಲವರಿಗೆ ಅಳುಕು. ನಗಿ, ಪರವಾಗಿಲ್ಲ. ವಾರ್ಡಿನಲ್ಲಿ ಕಿವಿ ಅನ್ನುವ ಆ ನಾಯಿಯ ಕತೆ ಓದುವಾಗ ನಾವೆಲ್ಲ ನಕ್ಕಿದ್ದೇವೆ, ಟೆಕ್ನಿಷಿಯನ್ನು ಕೂಡ ಬಂದು ನಿಂತು ಕೇಳಿದ್ದಾರೆ.

ಸಾವು ಆದ ಮನೆಗೆ ಮೊದಲ ದಿನಗಳಲ್ಲಿ ಪುಸ್ತಕ ತೆಗೆದುಕೊಂಡು ಹೋಗಬೇಡಿ. ಅಡುಗೆ ತೆಗೆದುಕೊಂಡು ಹೋಗಿ. ಜನ ಬಂದುಹೋಗುವುದು ನಿಂತ ಮೇಲೆ, ತಿಂಗಳೋ ಎರಡು ತಿಂಗಳೋ ಕಳೆದ ಮೇಲೆ, ಮನೆ ಖಾಲಿ ಹೊಡೆಯುತ್ತದಲ್ಲ, ಆಗ ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ನೆನಪು ಮಾಡಿ. ಭಾವಗೀತೆ ಅಂತ ರೇಡಿಯೋದಲ್ಲಿ ಕೇಳಿ ಎಷ್ಟೋ ಜನ ಪ್ರೇಮದ ಹಾಡು ಅಂದುಕೊಂಡಿದ್ದಾರೆ. ಅದು ಮಗುವನ್ನು ಕಳೆದುಕೊಂಡ ಗಂಡನೊಬ್ಬ ತನ್ನ ಹೆಂಡತಿಗೆ ಹೇಳುವ ಮಾತು. ದುಃಖ ನುಂಗಿಕೊಂಡು ನೆಟ್ಟ ಕಣ್ಣಿನಿಂದ ನೋಡುತ್ತಿರುವ ಹೆಂಡತಿಗೆ, ಹಾಗೆ ನೋಡಬೇಡ, ನಕ್ಕು ಯಾಕೆ ಮರೆಸುತ್ತೀ, ಅತ್ತುಬಿಡು ಅನ್ನುತ್ತಾನೆ. ಬೇಂದ್ರೆ ಸ್ವಂತ ಮಕ್ಕಳನ್ನು ಮಣ್ಣಿಗೆ ಕೊಟ್ಟವರು. ಸಮಾಧಾನ ಮಾಡಿಕೋ ಅಂತ ಆ ಪದ್ಯ ಎಲ್ಲೂ ಹೇಳುವುದಿಲ್ಲ. ಅಳಬೇಡಿ ಅಂತಲೇ ಎಲ್ಲರ ಬಾಯಿಂದ ಕೇಳಿ ಸಾಕಾದವರಿಗೆ, ಅಳು ಅನ್ನುವ ಒಂದು ಪದ್ಯ ಸಿಕ್ಕಿದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ಆ ಪದ್ಯ ಬರೆದುಕೊಟ್ಟಿದ್ದೆ. ಅವರು ಅದನ್ನು ಗಂಡನ ಕೈಗೆ ಕೊಟ್ಟರಂತೆ. ನನಗೆ ಅಷ್ಟೇ ಹೇಳಿದರು, ನಾನೂ ಮುಂದೆ ಕೇಳಲಿಲ್ಲ.

ಕೆಲವು ಒಳ್ಳೆಯ ಪುಸ್ತಕಗಳನ್ನು ಆಮೇಲಕ್ಕೆ ಇಡುವುದು ಕ್ಷೇಮ. ತ್ರಿವೇಣಿಯವರ 'ಶರಪಂಜರ' ನನಗೆ ತುಂಬ ದೊಡ್ಡ ಕಾದಂಬರಿ. ಬಾಣಂತನದ ಮೇಲೆ ಮನಸ್ಸು ಕದಡಿದ ಕಾವೇರಿ ವಾಸಿಯಾಗಿ ಮನೆಗೆ ಬಂದರೂ ಮನೆ ಮತ್ತು ಊರು ಅವಳನ್ನು ನೆಮ್ಮದಿಯಾಗಿ ಇರಲು ಬಿಡುವುದಿಲ್ಲ. ಮಾನಸಿಕ ಕಾಯಿಲೆಯವರನ್ನು ಹೇಗೆ ನಡೆಸಿಕೊಳ್ಳಬಾರದು ಅಂತ ತಿಳಿಯಲು ಮನೆಮಂದಿಯೆಲ್ಲ ಅದನ್ನು ಓದಬೇಕು. ಆದರೆ ಈಗಷ್ಟೇ ಹುಷಾರಾಗುತ್ತಿರುವ ಹೆಣ್ಣುಮಗಳ ಕೈಗೆ ಅದನ್ನು ಕೊಡುವುದಿಲ್ಲ ನಾನು. ಅವಳ ಗಂಡನಿಗೆ, ಅತ್ತೆಗೆ ಕೊಡುತ್ತೇನೆ.

ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕೂಡ ಹಾಗೇ ನೋಡಿ ಕೊಡಬೇಕಾದದ್ದು. ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ನಮ್ಮಲ್ಲೂ ಕೇಳುವವರು ಜಾಸ್ತಿಯಾದರು. ಆ ಹೆಸರಿನ ಕತೆಯಲ್ಲಿ ಗಂಡನೂ ತವರೂ ಕೈಬಿಟ್ಟ ಹೆಂಗಸು ಜೀವ ಕಳೆದುಕೊಳ್ಳಲು ಹೊರಡುತ್ತಾಳೆ, ಹಿಡಿದು ನಿಲ್ಲಿಸುವುದು ಮಗಳು. ಓದಿದ ಮೇಲೆ ಪಕ್ಕದಲ್ಲಿ ಮಾತಾಡಲು ಒಬ್ಬರು ಇರುವ ಹೊತ್ತಿನಲ್ಲಿ ಓದಿ. ಒಂಟಿಯಾಗಿ ಮಧ್ಯರಾತ್ರಿ ಬೇಡ.

ಹಣತೆ ಅಂದಾಗ ಜಿ.ಎಸ್. ಶಿವರುದ್ರಪ್ಪನವರ ಪದ್ಯ ನೆನಪಾಗದೆ ಇರುವುದಿಲ್ಲ. ಹಣತೆ ಹಚ್ಚುತ್ತೇನೆ, ಆದರೆ ಕತ್ತಲನ್ನು ಗೆದ್ದುಬಿಡುತ್ತೇನೆ ಅನ್ನುವ ಜಿದ್ದು ನನಗಿಲ್ಲ ಅನ್ನುತ್ತಾರೆ ಅವರು. ಇರುವಷ್ಟು ಹೊತ್ತು ನಿನ್ನ ಮುಖ ನನಗೆ, ನನ್ನ ಮುಖ ನಿನಗೆ ಕಂಡರೆ ಸಾಕು ಅನ್ನುವ ಆಸೆ. ವಾಸಿಯಾಗದ ಕಾಯಿಲೆ ಇರುವ ಮನೆಯವರು ಇದನ್ನು ಒಮ್ಮೆ ಓದಿ. ಮುಂದೆ ಎಲ್ಲ ಸರಿಹೋಗುತ್ತೆ ಅನ್ನುವ ಭರವಸೆ ನಮಗೆ ಯಾರೂ ಕೊಡಲಾರರು. ಡಯಾಲಿಸಿಸ್ಸಿನಿಂದ ಕಿಡ್ನಿ ವಾಪಸು ಬರುವುದಿಲ್ಲ ಅಂತ ನಮಗೂ ಗೊತ್ತು. ಇವತ್ತು ಇಬ್ಬರೂ ಎದುರುಬದುರು ಕೂತಿದ್ದೇವೆ, ಅದು ನಿಜ.

ಪುಸ್ತಕ ಎಲ್ಲಿ ಸಿಗುತ್ತೆ

ದುಡ್ಡೆಲ್ಲ ಔಷಧಿಗೆ ಹೋಗುವ ಕಾಲದಲ್ಲಿ ಪುಸ್ತಕ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಹೆಸರು ಬರೆದುಕೊಟ್ಟು ಬನ್ನಿ, ಜನ ಕೇಳಿದರೆ ನಮಗೂ ಮೇಲಿನವರಿಗೆ ಬರೆಯಲು ಬಲ ಬರುತ್ತದೆ. ವಚನಗಳಿಗೆ 'ವಚನ ಸಂಚಯ' ಅನ್ನುವ ತಾಣ ಇದೆ. ಅದರಲ್ಲಿ ಒಂದು ಪದ ಹಾಕಿದರೆ ಆ ಪದ ಇರುವ ವಚನಗಳೆಲ್ಲ ಬರುತ್ತವೆ. 'ಭಯ' ಅಂತಲೋ 'ನೋವು' ಅಂತಲೋ ಹಾಕಿ ಹುಡುಕಿ. ಕಣ್ಣು ಮಂಜಾದವರಿಗೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡಿ. ಕೊಳ್ಳುವ ಶಕ್ತಿ ಇದ್ದರೆ ಒಂದು ಪುಸ್ತಕ ಮಾತ್ರ ಕೊಳ್ಳಿ, ಮತ್ತೆ ಮತ್ತೆ ಓದುವಂಥದ್ದು.

ಪುಸ್ತಕದ ಕೈಮೀರಿದಾಗ

ಓದಿನಿಂದ ಆಗದ್ದೂ ಇದೆ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಏಳಲು ಮನಸ್ಸಿಲ್ಲ, ಇರುವುದಕ್ಕಿಂತ ಹೋಗುವುದೇ ಮೇಲು ಅನ್ನಿಸುತ್ತಿದೆ ಅಂದರೆ ಪುಸ್ತಕ ಪಕ್ಕಕ್ಕಿಡಿ. ಮನೆಯವರಿಗೆ ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಗ್ರಂಥಾಲಯದ ಬಾಗಿಲ ಮೇಲೆ ಆ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಡಾಕ್ಟರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಾ ಕಗ್ಗ ಓದಿ, ಮಾತ್ರೆ ಬಿಟ್ಟು ಕಗ್ಗ ಹಿಡಿಯಬೇಡಿ.

ಬೇರೆಯವರಿಗೆ ಕೊಡುವಾಗ

ಕಷ್ಟದಲ್ಲಿರುವ ಗೆಳೆಯರಿಗೋ ನೆಂಟರಿಗೋ ಪುಸ್ತಕ ಕೊಡಬೇಕು ಅನ್ನಿಸಿದರೆ, ಮೊದಲು ಅದನ್ನು ನೀವು ಪೂರ್ತಿ ಓದಿರಬೇಕು. ಕೊನೆಯಲ್ಲಿ ಸಾವು ಇದೆಯಾ, ಆತ್ಮಹತ್ಯೆ ಇದೆಯಾ ಅಂತ ಗೊತ್ತಿಲ್ಲದೆ ಕೊಡಬೇಡಿ. ದಪ್ಪ ಪುಸ್ತಕ ಬೇಡ, ಅದು ಅವರಿಗೆ ಇನ್ನೊಂದು ಕೆಲಸವಾಗುತ್ತದೆ. "ಇದು ಓದಿದ್ರೆ ನಿಮಗೆ ಧೈರ್ಯ ಬರುತ್ತೆ" ಅನ್ನಬೇಡಿ. "ನನಗೆ ಇಷ್ಟ ಆಯ್ತು, ಇಟ್ಕೊಳ್ಳಿ, ವಾಪಸ್ ಕೊಡೋ ಅರ್ಜೆಂಟ್ ಇಲ್ಲ" ಅನ್ನಿ ಸಾಕು. ಒಂದು ಹಾಳೆಗೆ ಗುರುತಿಟ್ಟು, ಇಲ್ಲಿಂದ ಎರಡು ಪುಟ ಓದಿ ಅಂತ ಚೀಟಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಹೋದಾಗಲೆಲ್ಲ "ಓದಿದ್ರಾ?" ಅಂತ ಕೇಳಬೇಡಿ. ಅವರಿಗೆ ಸಮಯವಿದ್ದರೆ, ಮನಸ್ಸಿದ್ದರೆ, ನೀವೇ ಕೂತು ಆ ಎರಡು ಪುಟ ಓದಿ ಹೇಳಿ ಬನ್ನಿ.